ಚೆಲ್ಸೀ ರಾಯಲ್ ಹಾಸ್ಪಿಟಲ್: ಆರು ಅಡಿಯ ಬರ್ತ್ ಮತ್ತು ಅದನ್ನು ಹೊತ್ತ ಕಟ್ಟಡ

ಲಂಡನ್ನಿನ ಚೆಲ್ಸೀಯಲ್ಲಿ, ಥೇಮ್ಸ್ ನದಿಯ ಉತ್ತರ ದಡದಲ್ಲಿ, ನದಿಗೆ ಮುಖಮಾಡಿ ನಿಂತಿರುವ ರಾಯಲ್ ಹಾಸ್ಪಿಟಲ್ ಆಸ್ಪತ್ರೆಯಲ್ಲ, ಬ್ರಿಟಿಷ್ ಭೂಸೇನೆಯ ವೃದ್ಧ ಸೈನಿಕರ ಮನೆ. 1682ರಲ್ಲಿ ಅಡಿಗಲ್ಲು ಬಿತ್ತು, 1692ರಲ್ಲಿ ಮೊದಲ ನಿವಾಸಿಗಳು ಒಳಗೆ ಬಂದರು. ಅಂದಿನಿಂದ ಇಂದಿನವರೆಗೆ ಅದು ಅದೇ ಕೆಲಸ ಮಾಡುತ್ತಿದೆ. ಈಗ ಅಲ್ಲಿ ಸುಮಾರು 300 ಮಂದಿ ಇದ್ದಾರೆ. ಕಟ್ಟಿದವನು ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ವಾಸ್ತುಶಿಲ್ಪಿ ಸರ್ ಕ್ರಿಸ್ಟೊಫರ್ ರೆನ್.

ಇದೇ ಕಾಲದಲ್ಲಿ, ಇದೇ ಉದ್ದೇಶಕ್ಕೆ ಎದ್ದ ಬೇರೆ ಕಟ್ಟಡಗಳೂ ಇವೆ. ಡಬ್ಲಿನ್‌ನ ಕಿಲ್ಮೇನಮ್‌ನಲ್ಲಿ ಈಗ ಆಧುನಿಕ ಕಲೆಯ ಸಂಗ್ರಹಾಲಯವಿದೆ. ರೆನ್‌ನೇ ನೌಕಾಪಡೆಯವರಿಗೆಂದು ವಿನ್ಯಾಸ ಮಾಡಿದ ಗ್ರೀನಿಚ್ ಹಾಸ್ಪಿಟಲ್ 1869ರಲ್ಲಿ ಮುಚ್ಚಿತು. ಪ್ಯಾರಿಸ್ಸಿನ ಇನ್ವಲೀಡ್‌ನಲ್ಲಿ ಇಂದಿಗೂ ಹಳೆಯ ಸೈನಿಕರಿಗೆ ಜಾಗವಿದ್ದರೂ ಕಟ್ಟಡದ ಬಹುಪಾಲು ಸೇನಾ ಸಂಗ್ರಹಾಲಯಕ್ಕೆ ಸೇರಿದೆ. ಚೆಲ್ಸೀ ಮಾತ್ರ ವೃದ್ಧರ ಮನೆಯಾಗಿಯೇ ಉಳಿಯಲು ಹಣ, ರಾಜಕೀಯ, ಸಂಪ್ರದಾಯ ಎಲ್ಲವೂ ಕಾರಣ. ಆದರೆ ಕಟ್ಟಡದಲ್ಲೇ ಒಂದು ಕಾರಣವಿದೆ, ಈ ಅಧ್ಯಯನ ಮುಖ್ಯವಾಗಿ ಅದರ ಬಗ್ಗೆ. ಭಾರ ಹೊರುವ ಇಟ್ಟಿಗೆಯ ಗೋಡೆಗಳನ್ನೂ ಮನುಷ್ಯ ಮಲಗುವ, ಬರ್ತ್ ಎಂಬ ಮರದ ಕೋಣೆಯನ್ನೂ ರೆನ್ ಬೇರೆಬೇರೆಯಾಗಿ ಇಟ್ಟ. ಗೋಡೆ ಹಾಗೇ ನಿಂತಿತು, ಕೋಣೆ ಕಾಲಕ್ಕೆ ತಕ್ಕಂತೆ ಬದಲಾಯಿತು.

ಜಾಗ ಮತ್ತು ಹಣ

1660ರಲ್ಲಿ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ ಇಂಗ್ಲೆಂಡಿನಲ್ಲಿ ಕಾಯಂ ಸೇನೆ ಬೆಳೆಯತೊಡಗಿತು. ಕಾಯಂ ಸೇನೆಯೆಂದರೆ ಅದರಲ್ಲೇ ಮುದಿಯಾಗುವ ಸೈನಿಕರೂ ಇರುತ್ತಾರೆ. ಹಿಂದೆ ಇಂಥವರಿಗೆ ಆಸರೆಯಾಗಿದ್ದ ಕ್ರೈಸ್ತ ಮಠಗಳನ್ನು ಎಂಟನೇ ಹೆನ್ರಿ ಮುಚ್ಚಿಸಿ ಒಂದು ಶತಮಾನವೇ ದಾಟಿತ್ತು. ಫ್ರಾನ್ಸಿನ ಹದಿನಾಲ್ಕನೇ ಲೂಯಿ 1670ರಲ್ಲಿ ಇನ್ವಲೀಡ್ ಸ್ಥಾಪಿಸಿದ್ದ. ಚಾರ್ಲ್ಸ್‌ನ ಅಧೀನದಲ್ಲಿದ್ದ ಡಬ್ಲಿನ್‌ನಲ್ಲಿ 1680ರಲ್ಲಿ ಕಿಲ್ಮೇನಮ್ ಕೆಲಸ ಶುರುವಾಗಿತ್ತು. ಲಂಡನ್ನಿನ ಸರದಿ 1681ರಲ್ಲಿ ಬಂತು. ಸೇನೆಯ ಸಂಬಳ ಬಟವಾಡೆಯ ಹೊಣೆ ಹೊತ್ತಿದ್ದ ಸರ್ ಸ್ಟೀಫನ್ ಫಾಕ್ಸ್ ಈ ಯೋಜನೆಯ ಬೆನ್ನೆಲುಬು. ಅವನ ಜೊತೆ ಕೂತು ವಿವರ ಬರೆದವನು ದಿನಚರಿಕಾರ ಜಾನ್ ಈವ್ಲಿನ್. ಇಬ್ಬರೂ ಗವರ್ನರ್, ಪಾದ್ರಿ, ಉಗ್ರಾಣಿ, ಶಸ್ತ್ರವೈದ್ಯ, ಅಡುಗೆಯವ, ತೋಟಗಾರ, ದ್ವಾರಪಾಲಕ ಎಂದು ಸಿಬ್ಬಂದಿಯ ಪಟ್ಟಿ ಮಾಡಿದರು. ಓದುವ ಆಸೆಯ ಸೈನಿಕರೂ ಇರಬಹುದೆಂದು ಈವ್ಲಿನ್ ಒಂದು ಪುಸ್ತಕ ಭಂಡಾರವನ್ನೂ ಸೇರಿಸಿದ. ಚಾರ್ಲ್ಸ್‌ನ ಪ್ರೇಯಸಿ ನೆಲ್ ಗ್ವಿನ್ ಕಾಡಿಬೇಡಿ ಈ ಮನೆ ಕಟ್ಟಿಸಿದಳೆಂಬ ಕಥೆ ಲಂಡನ್ನಿನಲ್ಲಿ ಬಹಳ ಜನಪ್ರಿಯ. ಅದಕ್ಕೆ ದಾಖಲೆಯ ಆಧಾರವಿಲ್ಲ.

ಜಾಗ ಮೊದಲೇ ಒಂದು ವಿಫಲ ಯೋಜನೆಯದು. ಒಂದನೇ ಜೇಮ್ಸ್‌ನ ಕಾಲದಲ್ಲಿ ಇಲ್ಲಿ ದೇವತಾಶಾಸ್ತ್ರದ ಕಾಲೇಜೊಂದು ಶುರುವಾಗಿ ಹಣವಿಲ್ಲದೆ ಅರ್ಧಕ್ಕೇ ನಿಂತಿತ್ತು. ಆಮೇಲೆ ಅದು ರಾಯಲ್ ಸೊಸೈಟಿಯ ಕೈಗೆ ಬಂತು. ಸೊಸೈಟಿಯಿಂದ 1,300 ಪೌಂಡಿಗೆ ಅದನ್ನು ಕೊಳ್ಳಲಾಯಿತು.

ಕಟ್ಟುವ ಹಣದ ಕಥೆಯನ್ನು ಇಂಥ ಸಂಸ್ಥೆ ನಡೆಸುವವರು ಗಮನವಿಟ್ಟು ನೋಡಬೇಕು. ರಾಜ ತನ್ನ ರಹಸ್ಯ ಸೇವೆಯ ನಿಧಿಯಲ್ಲಿ ಉಳಿದಿದ್ದ ಹಣ ಕೊಟ್ಟ. ಸಾರ್ವಜನಿಕರಿಂದ ದೇಣಿಗೆ ಕೇಳಿದರೆ ಬಂದದ್ದು ಬಹಳ ಕಡಿಮೆ. ಕಡೆಗೆ ಸೈನಿಕರ ಸಂಬಳದಿಂದಲೇ ಕಡಿತವಾಯಿತು: ಪ್ರತಿಯೊಬ್ಬನಿಂದ ವರ್ಷಕ್ಕೆ ಒಂದು ದಿನದ ವೇತನ, ಜೊತೆಗೆ ಸಂಬಳದಿಂದ ಮೊದಲೇ ಮುರಿಯುತ್ತಿದ್ದ ಸಣ್ಣ ವಂತಿಗೆಯ ಒಂದು ಪಾಲು. ಅಂದರೆ ಅರಮನೆಯ ದಾನವೆಂದು ಹೆಸರಾದ ಈ ಮನೆಯನ್ನು ಬಹುಮಟ್ಟಿಗೆ ಕಟ್ಟಿದ್ದು ಸೈನಿಕರ ದುಡ್ಡು. ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ದೋಷ ಸಂಗ್ರಹದಲ್ಲಿರಲಿಲ್ಲ, ಹಣ ಹಾದುಹೋಗುವ ದಾರಿಯಲ್ಲಿತ್ತು. ಸಂಬಳ ಹಂಚುವ ಅಧಿಕಾರಿಯೇ ಈ ಮನೆಯ ಖಜಾಂಚಿಯೂ ಆಗಿದ್ದ. ಕಡಿತ ಮಾಡುವವನೂ ಖರ್ಚು ಮಾಡುವವನೂ ಒಬ್ಬನೇ ಆದರೆ ಲೆಕ್ಕ ಕೇಳುವವರು ಯಾರು? ಈ ಎರಡು ಹುದ್ದೆಯನ್ನೂ ಹಿಡಿದಿದ್ದ ಅರ್ಲ್ ಆಫ್ ರಾನೆಲಾ ಮನೆಯ ಜಮೀನಿನಲ್ಲೇ ತನಗೊಂದು ಬಂಗಲೆ, ಸುತ್ತ ತೋಟ ಮಾಡಿಕೊಂಡ. ಸಾರ್ವಜನಿಕ ಹಣದ ದುರುಪಯೋಗಕ್ಕಾಗಿ 1703ರಲ್ಲಿ ಅವನನ್ನು ಸಂಸತ್ತಿನಿಂದ ಹೊರಹಾಕಿದರು. ಮುಂದೆ ಆ ತೋಟ ವಿಹಾರೋದ್ಯಾನವಾಗಿ ಹೆಸರು ಮಾಡಿ, ಕೊನೆಗೆ ಮತ್ತೆ ಈ ಮನೆಯ ಆವರಣಕ್ಕೇ ಸೇರಿತು.

ನಕ್ಷೆ

ಇನ್ವಲೀಡ್‌ನಲ್ಲಿ ಸುತ್ತುಗಟ್ಟಿದ ಅಂಗಳಗಳು ಒಂದರ ಪಕ್ಕ ಒಂದಿವೆ. ಕಿಲ್ಮೇನಮ್ ನಾಲ್ಕೂ ಕಡೆ ಮುಚ್ಚಿದ ಒಂದೇ ಚೌಕ. ರೆನ್ ಒಂದು ಬದಿಯನ್ನು ಬಿಟ್ಟುಬಿಟ್ಟ. ಅವನ ಮುಖ್ಯ ಅಂಗಳಕ್ಕೆ ಉತ್ತರ, ಪೂರ್ವ, ಪಶ್ಚಿಮದಲ್ಲಿ ಕಟ್ಟಡವಿದೆ, ದಕ್ಷಿಣ ನದಿಯ ಕಡೆಗೆ ತೆರೆದಿದೆ. ಇಂಗ್ಲೆಂಡಿನಂಥ ಚಳಿ ದೇಶದಲ್ಲಿ ದಕ್ಷಿಣದ ಬಿಸಿಲಿಗೆ ಬೆಲೆ ಹೆಚ್ಚು. ಮುಚ್ಚಿದ ಚೌಕದ ನೆಲದ ಅಂತಸ್ತಿಗೆ ಚಳಿಗಾಲದ ತಗ್ಗಿದ ಸೂರ್ಯ ಎಟುಕುವುದು ಕಷ್ಟ. ಉತ್ತರದ ಸಾಲಿನ ಮುಂದೆ ಕಂಬಸಾಲಿನ ಮೊಗಸಾಲೆ, ಅದರಲ್ಲಿ ಬೆಂಚುಗಳು. ಮಳೆ ಬಂದರೂ ಗಾಳಿ ಬೀಸಿದರೂ ಬೆನ್ನಿಗೆ ಗೋಡೆಯಿಟ್ಟುಕೊಂಡು ಬಿಸಿಲಿಗೆ ಮುಖಮಾಡಿ ಕೂರಬಹುದು. ಆ ಕಂಬಸಾಲಿನ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿರುವುದರ ಸಾರ ಇದು: ವಯಸ್ಸಿನಿಂದಲೂ ಯುದ್ಧದಿಂದಲೂ ಕುಗ್ಗಿದ ಸೈನಿಕರ ನೆರವಿಗೆ ಚಾರ್ಲ್ಸ್ ಸ್ಥಾಪಿಸಿದ, ಜೇಮ್ಸ್ ವಿಸ್ತರಿಸಿದ, ವಿಲಿಯಂ ಮತ್ತು ಮೇರಿ 1692ರಲ್ಲಿ ಪೂರ್ಣಗೊಳಿಸಿದರು.

ಉತ್ತರದ ಸಾಲಿನ ನಡುವೆ ನಾಲ್ಕು ದೊಡ್ಡ ಕಂಬಗಳ ಮುಖಮಂಟಪ, ಅದರ ಹಿಂದೆ ಎಂಟು ಮೂಲೆಯ ಪ್ರವೇಶಾಂಗಣ, ಮೇಲೆ ಸಣ್ಣ ಗೋಪುರ. ಅಂಗಣದ ಒಂದು ಮಗ್ಗುಲಿಗೆ ಚಾಪೆಲ್, ಇನ್ನೊಂದಕ್ಕೆ ಊಟದ ಮಹಾಶಾಲೆ. ಎರಡೂ ಕನ್ನಡಿಯ ಬಿಂಬದಂತೆ ಸಮನಾಗಿವೆ. ದೇವರಿಗೂ ಊಟಕ್ಕೂ ಒಂದೇ ಅಳತೆ ಕೊಟ್ಟದ್ದು ನನಗೆ ಬಹಳ ಹಿಡಿಸುವ ವಿಷಯ. ಚಾಪೆಲ್ 1691ರಲ್ಲಿ ಪ್ರತಿಷ್ಠಿತವಾಯಿತು. ಅದರ ಅರ್ಧಗುಮ್ಮಟದಲ್ಲಿರುವ ಕ್ರಿಸ್ತ ಪುನರುತ್ಥಾನದ ಚಿತ್ರ ವೆನಿಸ್ ಕಡೆಯ ಸೆಬಾಸ್ಟಿಯಾನೊ ರಿಚ್ಚಿಯದು. ಮಹಾಶಾಲೆಯ ಗೋಡೆಯಲ್ಲಿ ಕುದುರೆಯೇರಿದ ಚಾರ್ಲ್ಸ್‌ನ ಚಿತ್ರವನ್ನು ಶುರುಮಾಡಿದವನು ಆಂಟೋನಿಯೊ ವೆರಿಯೊ. ಅಂಗಳದ ನಡುವೆ ರೋಮನ್ ಉಡುಪಿನ ಚಾರ್ಲ್ಸ್ ಪ್ರತಿಮೆಯಿದೆ. ಅದು ಗ್ರಿನ್ಲಿಂಗ್ ಗಿಬ್ಬನ್ಸ್‌ನ ಕೆಲಸ, 2002ರಲ್ಲಿ ಮತ್ತೆ ಚಿನ್ನದ ಲೇಪ ಕಂಡಿತು.

ಹೊರಗೋಡೆ ಇಟ್ಟಿಗೆಯದು. ಮೂಲೆ, ಕಂಬ, ಕಾರ್ನಿಸ್‌ಗಳಂಥ ಕಣ್ಣಿಗೆ ಬೀಳುವ ಕಡೆ ಮಾತ್ರ ಪೋರ್ಟ್‌ಲ್ಯಾಂಡ್ ಎಂಬ ಬಿಳಿಯ ಸುಣ್ಣಕಲ್ಲು. ಕಿಟಕಿಯ ಸುತ್ತ ಉಜ್ಜಿ ನಯಮಾಡಿದ ಕೆಂಪು ಇಟ್ಟಿಗೆ. ಕಲ್ಲಿನ ಖರ್ಚನ್ನು ಹಿಡಿತದಲ್ಲಿಟ್ಟ ಈ ಮಿತವ್ಯಯವೇ ಕಟ್ಟಡದ ಘನತೆ. ಇಂಥ ಗೋಡೆಯ ನಿರ್ವಹಣೆಯಲ್ಲಿ ಒಂದು ಎಚ್ಚರ ಬೇಕು. ಉಜ್ಜಿದ ಇಟ್ಟಿಗೆ ಮೆದು, ಸಂದಿನಲ್ಲಿರುವುದು ಸುಣ್ಣದ ಗಾರೆ. ಸಂದು ಸವೆಯಿತೆಂದು ಸಿಮೆಂಟ್ ತುಂಬಿದರೆ ಗೋಡೆಯ ತೇವ ಸಂದಿನಿಂದ ಹೊರಬರಲಾರದೆ ಇಟ್ಟಿಗೆಯೊಳಗಿಂದಲೇ ದಾರಿ ಹುಡುಕುತ್ತದೆ. ಚಳಿಯಲ್ಲಿ ಅದು ಹೆಪ್ಪುಗಟ್ಟಿದಾಗ ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ.

ನಡುಗೋಡೆ ಮತ್ತು ಬರ್ತ್

ಪ್ರಕರಣದ ತಿರುಳು ಪೂರ್ವ, ಪಶ್ಚಿಮದ ಎರಡು ರೆಕ್ಕೆಗಳಲ್ಲಿದೆ. ಪ್ರತಿ ರೆಕ್ಕೆಯಲ್ಲಿ ಅಟ್ಟವೂ ಸೇರಿ ನಾಲ್ಕು ಅಂತಸ್ತು. ಉದ್ದಕ್ಕೂ ನಡುವೆ ಒಂದು ದಪ್ಪ ಗೋಡೆ. ಆ ನಡುಗೋಡೆಯ ಎರಡೂ ಮಗ್ಗುಲಿಗೆ ಬೆನ್ನಿಗೆ ಬೆನ್ನು ಹಚ್ಚಿ ಒಂದೊಂದು ವಾರ್ಡ್, ಪ್ರತಿಯೊಂದೂ ಸುಮಾರು 200 ಅಡಿ ಉದ್ದ. ಎರಡು ರೆಕ್ಕೆ, ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು: ಒಟ್ಟು 16 ವಾರ್ಡ್. ಮಹಾಶಾಲೆಯಲ್ಲೂ 16 ಉದ್ದನೆಯ ಮೇಜು, ವಾರ್ಡಿಗೊಂದು.

ವಾರ್ಡಿನೊಳಗೆ ಮಲಗುವ ಕೋಣೆಗಳು ನಡುಗೋಡೆಗೆ ಅಂಟಿಕೊಂಡು ಸಾಲಾಗಿದ್ದವು. ಅವಕ್ಕೆ ಬರ್ತ್ ಎಂದೇ ಹೆಸರು. ಆರಡಿ ಉದ್ದ, ಆರಡಿ ಅಗಲ, ಓಕ್ ಹಲಗೆಯ ಅಡ್ಡಗೋಡೆ, ಮುಂದೆ ಬಾಗಿಲು. ಬರ್ತ್ ಸಾಲಿನ ಎದುರು ಉದ್ದಕ್ಕೂ ಓಡಾಟದ ಪಡಸಾಲೆ, ಅದರಾಚೆ ಹೊರಗೋಡೆಯ ಕಿಟಕಿಗಳು. ರೆಕ್ಕೆಗಳು ಉತ್ತರ ದಕ್ಷಿಣವಾಗಿ ಚಾಚಿರುವುದರಿಂದ ಒಂದು ವಾರ್ಡಿಗೆ ಬೆಳಗಿನ ಬಿಸಿಲು, ಅದರ ಬೆನ್ನಿಗಿರುವ ಇನ್ನೊಂದಕ್ಕೆ ಸಂಜೆಯ ಬಿಸಿಲು.

ಆ ಕಾಲಕ್ಕೆ ಇದು ಎಷ್ಟು ದೊಡ್ಡ ಸೌಕರ್ಯವೆಂದು ಇಂದಿನ ಕಣ್ಣಿಗೆ ತಟ್ಟನೆ ಹೊಳೆಯುವುದಿಲ್ಲ. ಹದಿನೇಳನೇ ಶತಮಾನದ ಸಾಮಾನ್ಯ ಸೈನಿಕ ಬದುಕಿಡೀ ಇನ್ನೊಬ್ಬನ ಜೊತೆ ಹಾಸಿಗೆ ಹಂಚಿಕೊಂಡವನು. ಅವನಿಗೆ ಮುಪ್ಪಿನಲ್ಲಿ ತನ್ನದೇ ಬಾಗಿಲು ಸಿಕ್ಕಿತು. ಬಾಗಿಲು ತೆರೆದರೆ ಜೊತೆಗಾರರು, ಮುಚ್ಚಿದರೆ ಏಕಾಂತ. ಒಂಟಿತನ ಮತ್ತು ಗದ್ದಲ ವೃದ್ಧಾಶ್ರಮಗಳ ಎರಡು ಹಳೆಯ ಕಾಯಿಲೆಗಳು. ಎರಡಕ್ಕೂ ಮದ್ದನ್ನು ನಕ್ಷೆಯಲ್ಲೇ ಇಟ್ಟದ್ದು ರೆನ್‌ನ ಹೆಚ್ಚುಗಾರಿಕೆ ಎಂದು ನಾನು ನಂಬುತ್ತೇನೆ.

ಮೆಟ್ಟಿಲಿನ ವಿಷಯದಲ್ಲೂ ಇದೇ ಕಾಳಜಿ ಕಾಣುತ್ತದೆ. ವಾರ್ಡುಗಳಿಗೆ ಹತ್ತುವ ಮೆಟ್ಟಿಲುಗಳ ಎತ್ತರವನ್ನು ಬೇಕೆಂದೇ ತಗ್ಗಿಸಿ, ಪಾದವಿಡುವ ಜಾಗವನ್ನು ಅಗಲ ಮಾಡಿದ್ದಾರೆ. ಇದರಿಂದ ಮೆಟ್ಟಿಲಿನ ಸಂಖ್ಯೆ ಹೆಚ್ಚುತ್ತದೆ, ಮೆಟ್ಟಿಲಸಾಲು ನುಂಗುವ ಜಾಗವೂ ಹೆಚ್ಚುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲಿ ಮಂಡಿ ಎತ್ತಬೇಕಾದ ಎತ್ತರ ಇಳಿಯುತ್ತದೆ, ನಡುವೆ ನಿಂತು ಉಸಿರಾಡಿಸಿಕೊಳ್ಳಲು ಪಾದಕ್ಕೆ ಭದ್ರವಾದ ನೆಲೆ ಸಿಗುತ್ತದೆ. ಮರಗಾಲಿನವರೂ ಇದ್ದ ಮನೆಯಲ್ಲಿ ಇದು ಅಲಂಕಾರದ ಮಾತಲ್ಲ.

ಲೆಕ್ಕ ಹೀಗಿತ್ತು: ವಾರ್ಡಿಗೆ 26 ಬರ್ತ್, 16 ವಾರ್ಡಿಗೆ 416. ಕೆಲಸ ಮುಗಿಯುವ ಮೊದಲೇ ಇದು ಸಾಲದೆಂದು ತಿಳಿಯಿತು. ಎರಡನೇ ಜೇಮ್ಸ್‌ನ ಕಾಲಕ್ಕೆ ಸೇನೆ ದೊಡ್ಡದಾಗಿ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಅಂಗಳ ಸೇರಿಸಬೇಕಾಯಿತು. ಅವೇ ಲೈಟ್ ಹಾರ್ಸ್ ಕೋರ್ಟ್ ಮತ್ತು ಕಾಲೇಜ್ ಕೋರ್ಟ್. 1692ರ ಮಾರ್ಚ್ ಕೊನೆಗೆ 476 ಮಂದಿ ಒಳಗಿದ್ದರು. ಅರ್ಹರಾಗಿದ್ದೂ ಜಾಗ ಸಿಗದೆ ಹೊರಗೆ ಉಳಿದವರಿಗೆ ಮನೆಯಲ್ಲೇ ಇದ್ದು ಪಿಂಚಣಿ ಪಡೆಯುವ ಏರ್ಪಾಡು ಬಂತು. ಹೀಗೆ ಒಳಗಿನವರು, ಹೊರಗಿನವರು ಎಂಬ ಎರಡು ವರ್ಗ ಹುಟ್ಟಿತು. ಹೊರಗಿನವರ ಪಿಂಚಣಿಯ ಆಡಳಿತ 1955ರವರೆಗೆ ಈ ಮನೆಯ ಕೈಯಲ್ಲೇ ಇತ್ತು. ಬ್ರಿಟನ್ನಿನ ಸೇನಾ ಪಿಂಚಣಿ ವ್ಯವಸ್ಥೆಯ ಬೇರು ಇಲ್ಲಿದೆ.

ಕೆಟ್ಟುಹೋದದ್ದೇನು

ಮೊದಲು ಸೋತದ್ದು ಊಟದ ವ್ಯವಸ್ಥೆ. ಹತ್ತೊಂಬತ್ತನೇ ಶತಮಾನದಲ್ಲಿ ನಿವಾಸಿಗಳು ಮಹಾಶಾಲೆ ಬಿಟ್ಟು ತಮ್ಮತಮ್ಮ ವಾರ್ಡಿನಲ್ಲೇ ಉಣ್ಣತೊಡಗಿದರು. ಮಹಾಶಾಲೆ ವಿರಾಮದ ಕೋಣೆಯಾಯಿತು. ಸರಕಾರಕ್ಕೂ ಅದು ಬೇರೆ ಕೆಲಸಗಳಿಗೆ ಒದಗಿತು: 1808ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ಸೋತ ಜನರಲ್ ವೈಟ್‌ಲಾಕ್‌ನ ಸೇನಾ ವಿಚಾರಣೆ ಇಲ್ಲೇ ನಡೆಯಿತು. 1852ರಲ್ಲಿ, ವಾಟರ್ಲೂ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಪಾರ್ಥಿವ ಶರೀರದ ದರ್ಶನವೂ ಇಲ್ಲೇ. ಆಗ ನುಗ್ಗಿದ ಜನಸಂದಣಿಯಲ್ಲಿ ಸಿಕ್ಕಿ ಇಬ್ಬರು ಸತ್ತರು. ಒಟ್ಟಿಗೆ ಕೂತು ಉಣ್ಣುವ ಪದ್ಧತಿ ಮಹಾಶಾಲೆಗೆ ಮರಳಿದ್ದು 1955ರಲ್ಲಿ. ವಾರ್ಡಿನಲ್ಲಿ ಊಟವೆಂದರೆ ಅನ್ನ ತಣ್ಣಗಾಗುತ್ತದೆ, ಎಂಜಲಿಗೆ ಇಲಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದಿನಕ್ಕೆ ಮೂರು ಸಲ ಎದ್ದು ನಡೆದು ನಾಲ್ಕು ಜನರ ಮುಖ ನೋಡುವ ಕಾರಣವೇ ಇಲ್ಲವಾಗುತ್ತದೆ.

ಎರಡನೆಯದು ರೋಗಿಗಳ ಜಾಗ. ಬರ್ತ್‌ನಲ್ಲಿ ನಡೆದಾಡಬಲ್ಲವರು ಇರಬಹುದು. ಹಾಸಿಗೆ ಹಿಡಿದವರ ಆರೈಕೆ ಅಲ್ಲಿ ಅಸಾಧ್ಯ: ಆರಡಿ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ದಾದಿ ಎರಡೂ ಕಡೆಯಿಂದ ನಿಲ್ಲಲಾರಳು. 1807ರಿಂದ ಇಲ್ಲಿನ ಕಟ್ಟಡಗಳ ಮೇಲ್ವಿಚಾರಕನಾಗಿದ್ದ ಸರ್ ಜಾನ್ ಸೋನ್ ಪ್ರತ್ಯೇಕ ಆರೈಕೆ ಭವನ ಕಟ್ಟಿದ. ಅವನ ಕುದುರೆ ಲಾಯ ಈಗಲೂ ನಿಂತಿದೆ, ಆರೈಕೆ ಭವನ ಉಳಿದಿಲ್ಲ. 1941ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನ ಇಳಿಬಿಟ್ಟ ಪ್ಯಾರಾಶೂಟ್ ಸ್ಫೋಟಕಕ್ಕೆ ಅದು ನಾಶವಾಯಿತು. ಎರಡೂ ಮಹಾಯುದ್ಧಗಳು ಈ ಆವರಣವನ್ನು ಬಿಡಲಿಲ್ಲ. ಈಶಾನ್ಯದ ಅಧಿಕಾರಿಗಳ ಮನೆ 1918ರ ಫೆಬ್ರುವರಿಯಲ್ಲಿ ಬಾಂಬಿಗೆ ಬಿತ್ತು. ಮತ್ತೆ ಕಟ್ಟಿದ್ದು 1945ರ ಜನವರಿಯಲ್ಲಿ ಜರ್ಮನಿಯ ವಿ-2 ರಾಕೆಟ್ಟಿಗೆ ಬಿತ್ತು. ಮತ್ತೊಮ್ಮೆ ಕಟ್ಟಿದರು.

ಮೂರನೆಯದು ಬರ್ತ್‌ನ ಅಳತೆ. 36 ಚದರಡಿಯಲ್ಲಿ ಹಾಸಿಗೆ, ಒಂದು ಪೆಟ್ಟಿಗೆ, ನಿಲ್ಲಲು ಅಂಗೈಯಗಲದ ಜಾಗ. ಕಿಟಕಿಯಿಲ್ಲ, ಬೆಳಕು ಪಡಸಾಲೆ ದಾಟಿ ಬರಬೇಕು. ಶೌಚ, ಸ್ನಾನ ಹಂಚಿಕೊಂಡ ಜಾಗದಲ್ಲಿ. ರಾತ್ರಿ ಮೂರು ಸಲ ಏಳಬೇಕಾದ ಎಂಬತ್ತರ ಮುದುಕನಿಗೆ ಉದ್ದನೆಯ ಪಡಸಾಲೆಯ ಕೊನೆಯ ಶೌಚಾಲಯವೆಂದರೆ ಬೀಳುವ ಅಪಾಯಕ್ಕೆ ಮೂರು ಅವಕಾಶ.

ಬದಲಾವಣೆ

1954-55ರಲ್ಲಿ ಬರ್ತ್‌ಗಳನ್ನು ಒಂಬತ್ತಡಿಗೆ ಒಂಬತ್ತಡಿ ಮಾಡಿದರು. ಮೂರಡಿ ಹೆಚ್ಚಿದ್ದು ಕೇಳಲು ಸಣ್ಣದು, ವಿಸ್ತೀರ್ಣ 36ರಿಂದ 81 ಚದರಡಿಗೆ, ಎರಡೂ ಕಾಲು ಪಟ್ಟಿಗೆ ಏರಿತು. ಬೆಲೆ ತೆತ್ತದ್ದು ಸಂಖ್ಯೆಯಲ್ಲಿ. ಆರಡಿಯ 26 ಬರ್ತ್‌ಗೆ ಬೇಕಾದದ್ದು 156 ಅಡಿ ಗೋಡೆ. ಅದೇ ಉದ್ದದಲ್ಲಿ ಒಂಬತ್ತಡಿಯವು 17 ಹಿಡಿಯುತ್ತವೆ, ಅಂಚು ಒತ್ತರಿಸಿದರೆ 18. ಹದಿನಾರು ವಾರ್ಡಿಗೆ ಗುಣಿಸಿದರೆ 416ರ ಜಾಗದಲ್ಲಿ 272ರಿಂದ 288.

ಇದಕ್ಕೆ ಒಂದು ಇಟ್ಟಿಗೆಯ ಗೋಡೆಯನ್ನೂ ಒಡೆಯಬೇಕಾಗಿರಲಿಲ್ಲ ಎಂಬುದೇ ನಕ್ಷೆಯ ಬಲ. ಬರ್ತ್‌ನ ಅಡ್ಡಗೋಡೆ ಬರೀ ಮರ. ಮೇಲಿನ ಮಾಳಿಗೆಯ ಭಾರ ನಡುಗೋಡೆ ಮತ್ತು ಹೊರಗೋಡೆಯ ಮೇಲಿದೆ. ಒಬ್ಬೊಬ್ಬನಿಗೂ ಇಟ್ಟಿಗೆಯ ಕೋಣೆ ಕಟ್ಟಿದ್ದಿದ್ದರೆ, ಪ್ರತಿ ಎರಡು ಗೋಡೆಗೊಂದನ್ನು ಕೆಡವಿ ಉಕ್ಕಿನ ತೊಲೆ ಕೊಡಬೇಕಾಗುತ್ತಿತ್ತು. ಮೊದಲ ದರ್ಜೆಯ ಸಂರಕ್ಷಿತ ಕಟ್ಟಡದಲ್ಲಿ ಅದಕ್ಕೆ ಅನುಮತಿ ಸಿಗುವುದೂ ಕಷ್ಟ.

2010ರ ದಶಕದಲ್ಲಿ ಇನ್ನೂ ದೊಡ್ಡ ಕೆಲಸ ಮುಗಿಯಿತು. ಈಗ ಪ್ರತಿ ನಿವಾಸಿಗೆ ಮಲಗುವ ಬರ್ತ್ ಜೊತೆಗೆ ಕೂತು ಓದಲು ಜಾಗ, ಸ್ವಂತ ಶೌಚ ಮತ್ತು ಸ್ನಾನದ ಮನೆ. 2009ರಿಂದ ಮಹಿಳೆಯರೂ ಸೇರಿದ್ದರಿಂದ ಹಂಚಿಕೊಳ್ಳುವ ಸ್ನಾನದ ಮನೆಗಳ ಕಾಲ ಹೇಗೂ ಮುಗಿದಿತ್ತು. ಹಳೆಯ ಮರದ ಮಾಳಿಗೆಯಲ್ಲಿ ಬಚ್ಚಲು ಸೇರಿಸುವುದು ಸಲೀಸಲ್ಲ. ಶೌಚದ ಪೈಪಿಗೆ ಸಾಮಾನ್ಯವಾಗಿ ನಲವತ್ತಕ್ಕೆ ಒಂದರ ವಾಟ ಬೇಕು. ನಾಲ್ಕು ಮೀಟರ್ ಅಡ್ಡಕ್ಕೆ ಹೋದರೆ ಹತ್ತು ಸೆಂಟಿಮೀಟರ್ ಇಳಿಯಬೇಕು, ಪೈಪಿನ ದಪ್ಪ ಇನ್ನೊಂದು ಹತ್ತು. ಅಷ್ಟು ಆಳ ನೆಲದ ಹಲಗೆಯ ಕೆಳಗೆ ಸಿಗುವುದು ಜಂತಿಗಳ ನಡುವೆ ಮಾತ್ರ. ಜಂತಿಗೆ ಅಡ್ಡಲಾಗಿ ಒಯ್ದರೆ ಅದನ್ನು ಕೊರೆಯಬೇಕು. ಜಂತಿಯ ಅಂಚಿನಲ್ಲಿ ಕಚ್ಚು ಹಾಕಿದರೆ, ಅದೂ ನಡುಭಾಗದಲ್ಲಿ, ಬಲ ಹೋಗುತ್ತದೆ. ಆದ್ದರಿಂದ ಬಚ್ಚಲನ್ನು ಇಳಿಪೈಪಿಗೆ ಹತ್ತಿರವಿಡಬೇಕು, ಅಡ್ಡ ಪೈಪನ್ನು ಗಿಡ್ಡ ಮಾಡಬೇಕು. ನಾಲ್ಕೂ ಅಂತಸ್ತಿನ ವಾರ್ಡುಗಳು ಒಂದರ ನೆತ್ತಿಯ ಮೇಲೊಂದು ಒಂದೇ ಬಗೆಯಾಗಿದ್ದರೆ ಬಚ್ಚಲ ಮೇಲೆ ಬಚ್ಚಲು ಕೂರುತ್ತದೆ, ಇಳಿಪೈಪು ನೇರವಾಗಿ ನೆಲಕ್ಕಿಳಿಯುತ್ತದೆ. ರೆನ್‌ನ ಪುನರಾವರ್ತನೆ ಇಲ್ಲಿ ಪ್ಲಂಬರನ ಕೈ ಹಿಡಿಯುತ್ತದೆ. ಸ್ನಾನದ ನೆಲದ ನೀರುತಡೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಕೆಲವೇ ವರ್ಷದಲ್ಲಿ ತೊಂದರೆ ಕಾಣುತ್ತದೆ. ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ಜಂತಿಯ ತುದಿ, ಅದು ಕಣ್ಣಿಗೆ ಬೀಳುವುದು ಕೊನೆಗೆ. ಹಾಗಾಗಿ ಪರಿಶೀಲನೆಯ ಕಿಂಡಿಗಳನ್ನು ಟೈಲ್ ಹಾಕುವ ಮೊದಲೇ ಗೊತ್ತುಮಾಡಬೇಕು.

ಗ್ರೀನಿಚ್ ಏಕೆ ಮುಚ್ಚಿತು

ಗ್ರೀನಿಚ್ ಹಾಸ್ಪಿಟಲ್ ಚೆಲ್ಸೀಗಿಂತ ಬಹಳ ದೊಡ್ಡದು. 1814ರಲ್ಲಿ ಅಲ್ಲಿ 2,700ಕ್ಕೂ ಹೆಚ್ಚು ನಾವಿಕರಿದ್ದರು. ನದಿಯ ಕಡೆಯ ನೋಟಕ್ಕೆ ಅಡ್ಡವಾಗದಂತೆ ಅದನ್ನು ಬಿಡಿಬಿಡಿ ಭವನಗಳಾಗಿ ಒಡೆದಿದ್ದರು. ನೋಡಲು ಭವ್ಯ, ವಾಸಕ್ಕೆ ಚದುರಿದ್ದು. 1865ರ ಕಾನೂನು ನಿವಾಸಿಗಳಿಗೆ ಪಿಂಚಣಿ ಪಡೆದು ಹೊರಗೆ ಬಾಳುವ ಆಯ್ಕೆ ಕೊಟ್ಟಿತು. ಬಹುಪಾಲು ಜನ ಹೊರಟೇಬಿಟ್ಟರು, ನಾಲ್ಕು ವರ್ಷದಲ್ಲಿ ಮನೆ ಮುಚ್ಚಿತು. ಜನಕ್ಕೆ ಆಯ್ಕೆ ಸಿಕ್ಕಾಗ ಅವರು ಉಳಿಯುತ್ತಾರೋ ಹೊರಡುತ್ತಾರೋ ಎಂಬುದೇ ವೃದ್ಧರ ಮನೆಗೆ ನಿಜವಾದ ಪರೀಕ್ಷೆ. ಚೆಲ್ಸೀಯಲ್ಲಿ ಒಳಗೆ ಬರುವವರು ತಮ್ಮ ಸೇನಾ ಪಿಂಚಣಿಯನ್ನು ಮನೆಗೆ ಒಪ್ಪಿಸಬೇಕು. ಹಾಗಿದ್ದೂ ಬರುತ್ತಲೇ ಇದ್ದಾರೆ.

ಈಗಿನ ಏರ್ಪಾಡು

ಸೇರಲು ಸೇನೆಯಲ್ಲಿ ದುಡಿದಿರಬೇಕು, ನಿವೃತ್ತಿಯ ವಯಸ್ಸು ದಾಟಿರಬೇಕು, ತಮ್ಮನ್ನೇ ನಂಬಿದ ಸಂಗಾತಿ ಅಥವಾ ಮಕ್ಕಳು ಇರಬಾರದು. ನಿವಾಸಿಗಳನ್ನು ಸೇನೆಯ ಮಾದರಿಯಲ್ಲೇ ಕಂಪನಿಗಳಾಗಿ ವಿಂಗಡಿಸಿದ್ದಾರೆ. ಅವರ ಯೋಗಕ್ಷೇಮ ನೋಡುವ ಅಧಿಕಾರಿಗೆ ಕ್ಯಾಪ್ಟನ್ ಆಫ್ ಇನ್ವಲಿಡ್ಸ್ ಎಂಬ ಹಳೆಯ ಪದವಿಯೇ ಇದೆ. ಸಮಾರಂಭಕ್ಕೆ ಕಡುಗೆಂಪು ಕೋಟು ಮತ್ತು ಮೂರು ಮೂಲೆಯ ಟೋಪಿ, ದಿನಬಳಕೆಗೆ ನೀಲಿ ಸಮವಸ್ತ್ರ. ಚಾರ್ಲ್ಸ್‌ನ ಜನ್ಮದಿನವಾದ ಮೇ 29ರ ಆಸುಪಾಸಿನಲ್ಲಿ ಸ್ಥಾಪಕರ ದಿನ. ಅಂದು ಪ್ರತಿಮೆಯನ್ನು ಓಕ್ ಎಲೆಗಳಿಂದ ಮುಚ್ಚುತ್ತಾರೆ. ದಕ್ಷಿಣದ ಮೈದಾನದಲ್ಲಿ 1913ರಿಂದ ಚೆಲ್ಸೀ ಪುಷ್ಪ ಪ್ರದರ್ಶನ ನಡೆಯುತ್ತಿದೆ.

ಆರೋಗ್ಯ ಕುಸಿದಾಗ ನಿವಾಸಿ ಆವರಣ ಬಿಟ್ಟು ಹೋಗಬೇಕಿಲ್ಲ. ಯುದ್ಧದಲ್ಲಿ ನಾಶವಾದ ಸೋನ್‌ನ ಭವನದ ಬದಲಿಗೆ 1960ರ ದಶಕದ ಆರಂಭದಲ್ಲಿ ಒಂದು ಆರೈಕೆ ಭವನ ಬಂದಿತ್ತು. ಅದನ್ನೂ ಬದಲಿಸಿ 2009ರಲ್ಲಿ ಮಾರ್ಗರೆಟ್ ಥ್ಯಾಚರ್ ಇನ್‌ಫರ್ಮರಿ ತೆರೆಯಿತು. ಅದರಲ್ಲಿ 125 ಕೋಣೆಗಳು. ಹೊರನೋಟದಲ್ಲಿ ರೆನ್‌ನ ಇಟ್ಟಿಗೆಗೆ ಹೊಂದುವಂತೆ ಸಾಂಪ್ರದಾಯಿಕ ಶೈಲಿ, ಒಳಗೆ ಹಾಸಿಗೆ ಹಿಡಿದವರ ಆರೈಕೆಗೆ ಬೇಕಾದ ಅಗಲ. ವಾರ್ಡಿನ ಬರ್ತ್‌ನಿಂದ ಅಲ್ಲಿಗೆ ಹೋಗುವವರು ತಮ್ಮ ಚಾಪೆಲನ್ನೂ ಜೊತೆಗಾರರನ್ನೂ ಕಳೆದುಕೊಳ್ಳುವುದಿಲ್ಲ. ನೋಡಲು ಬರುವ ಗೆಳೆಯನಿಗೆ ಅದು ನಡೆದೇ ಬರುವಷ್ಟು ದೂರ.